ರಾಣಿ ದಪ್ಪಗಾಗಿದ್ದಾಳೆ, ಯಾವ ಫುಡ್ ಹಾಕಲಿ?

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್ ಹೆಣ್ಣುನಾಯಿ ರಾಣಿಗೆ ಐದು ವರ್ಷ. ಮೂರನೇ ವರ್ಷದಲ್ಲಿ ಮರಿ ಆಗದಂತೆ ಆಪರೇಷನ್ ಮಾಡಿಸಿದೆವು. ಆಮೇಲೆ ಊದುತ್ತಾ ಹೋಗಿ ಈಗ 41 ಕೆಜಿ ಇದ್ದಾಳೆ. ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ಹೊತ್ತೂ 400 ಗ್ರಾಂನಷ್ಟು ಅನ್ನ, ದಿನಕ್ಕೆ 300 ಗ್ರಾಂ ಬೇಯಿಸಿದ ಚಿಕನ್, ಬೆಳಿಗ್ಗೆ ಟೀ ಹೊತ್ತಿಗೆ ಏಳೆಂಟು ಗ್ಲೂಕೋಸ್ ಬಿಸ್ಕತ್, ರಾತ್ರಿ ಅಮ್ಮನ ಕೈಯಿಂದ ಸ್ವಲ್ಪ ಮೊಸರನ್ನ. ಅಂಗಡಿಯವರು ‘ಲೈಟ್’ ಅಂತ ಬರೆದಿರುವ ಫುಡ್ ತಗೊಳ್ಳಿ ಅನ್ನುತ್ತಾರೆ. ಪಕ್ಕದ ಮನೆಯವರು ಅನ್ನ ಬಿಡಿಸಿ ರಾಗಿಮುದ್ದೆ ಹಾಕಿ ಅನ್ನುತ್ತಾರೆ. ಯಾವುದು ಸರಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಲೆಕ್ಕ ಹಾಕೋಣ. ಈ ಜಾತಿಯ ಹೆಣ್ಣುನಾಯಿ 22ರಿಂದ 32 ಕೆಜಿ ಇರಬೇಕು. ರಾಣಿಯ ಗುರಿ 30 ಕೆಜಿ ಅಂತ ಇಟ್ಟುಕೊಳ್ಳಿ. 30 ಕೆಜಿ ನಾಯಿ ತೂಕ ಇಳಿಸಬೇಕಾದರೆ ದಿನಕ್ಕೆ ಸುಮಾರು 900 ಕ್ಯಾಲೊರಿ ಸಾಕು. ಈಗ ನೀವು ಬರೆದಿರುವುದನ್ನು ಕೂಡಿಸಿ ನೋಡಿ: 800 ಗ್ರಾಂ ಅನ್ನದಿಂದಲೇ ಸಾವಿರ ದಾಟುತ್ತದೆ, ಚಿಕನ್‌ನಿಂದ ಸುಮಾರು 500, ಬಿಸ್ಕತ್‌ನಿಂದ ನೂರೈವತ್ತರ ಮೇಲೆ, ಅದರ ಮೇಲೆ ಮೊಸರನ್ನ. ಬೇಕಾದ್ದರ ಎರಡರಷ್ಟು ಹತ್ತಿರ ಹತ್ತಿರ ಹೋಗುತ್ತಿದೆ, ಅಲ್ವಾ? ಆಪರೇಷನ್ ಆದ ನಾಯಿಗೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ, ಆದರೆ ಹಸಿವು ಮಾತ್ರ ಮೊದಲಿಗಿಂತ ಜಾಸ್ತಿ ಆಗುತ್ತದೆ. ಇದನ್ನು ಆಪರೇಷನ್ ದಿನವೇ ಯಾರಾದರೂ ನಿಮಗೆ ಹೇಳಬೇಕಿತ್ತು.

ಮುದ್ದೆಯ ವಿಷಯ. ರಾಗಿ ಒಳ್ಳೆಯದೇ, ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಗ್ರಾಂಗೆ ಗ್ರಾಂ ತೂಗಿದರೆ ರಾಗಿಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಅನ್ನ ಬಿಟ್ಟು ಅಷ್ಟೇ ಶಕ್ತಿಯ ಮುದ್ದೆ ಹಾಕಿದರೆ ರಾಣಿ ಹಾಗೇ ಇರುತ್ತಾಳೆ.

ಹಾಗಾದರೆ ಈಗ ಹಾಕುತ್ತಿರುವ ಅನ್ನ-ಚಿಕನ್ನನ್ನೇ ಅರ್ಧ ಮಾಡಿದರೆ? ಅದೂ ಬೇಡ. ಅನ್ನ, ಎಲುಬಿಲ್ಲದ ಮಾಂಸ ಮಾತ್ರ ತಿನ್ನುವ ನಾಯಿಗೆ ಮೊದಲೇ ಕ್ಯಾಲ್ಸಿಯಂ ಸಾಲದು, ಅರ್ಧ ಮಾಡಿದರೆ ಉಳಿದದ್ದೂ ಕಮ್ಮಿ ಬೀಳುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದಕ್ಕೇ ತೂಕ ಇಳಿಸಲೆಂದೇ ಮಾಡಿದ ಫುಡ್ ಬೇಕು: ಪ್ರೋಟೀನ್ ಮತ್ತು ನಾರು ಜಾಸ್ತಿ, ಕೊಬ್ಬು ಕಮ್ಮಿ. ‘ಲೈಟ್’ ಅನ್ನುವ ಪದ ನೋಡಿ ಮೋಸಹೋಗಬೇಡಿ, ಚೀಲದ ಹಿಂದೆ 100 ಗ್ರಾಂಗೆ ಎಷ್ಟು ಕ್ಯಾಲೊರಿ ಅಂತ ಓದಿ. 330ರಷ್ಟಿದ್ದರೆ ರಾಣಿಗೆ ದಿನಕ್ಕೆ 245 ಗ್ರಾಂ, ಎರಡು ಹೊತ್ತಿಗೆ ಭಾಗ ಮಾಡಿ. ಉಳಿದ 90 ಕ್ಯಾಲೊರಿ ತಿಂಡಿಗೆ. ಚೀಲದ ಮೇಲಿನ ಪಟ್ಟಿಯಲ್ಲಿ 41 ಕೆಜಿ ಸಾಲು ನೋಡಬೇಡಿ, 30ರ ಸಾಲು ನೋಡಿ. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಹೊಸ ಫುಡ್‌ಗೆ ಒಂದು ವಾರ, ಹತ್ತು ದಿನದಲ್ಲಿ ನಿಧಾನಕ್ಕೆ ಬದಲಿಸಿ, ಇಲ್ಲದಿದ್ದರೆ ಭೇದಿ ಗ್ಯಾರಂಟಿ.

ಇನ್ನೂ ಹಸಿವು ಅಂತ ಮುಖ ನೋಡಿದರೆ ಬೇಯಿಸಿದ ಬೀನ್ಸ್, ಸೌತೆಕಾಯಿ, ಕ್ಯಾರೆಟ್ ಹಾಕಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಬೇಯಿಸಿದ ಎಲುಬು ಯಾವುದೂ ಬೇಡ.

ಅಮ್ಮನಿಗೆ ಹಾಕಬೇಡಿ ಅಂತ ಹೇಳಿದರೆ ಮನಸ್ಸಿಗೆ ನೋವಾಗುತ್ತದೆ. ಅದು ಬೇಡ. ಬೆಳಿಗ್ಗೆಯೇ ತೂಗಿದ ಫುಡ್‌ನಲ್ಲಿ ಒಂದು ಹಿಡಿ ಡಬ್ಬಕ್ಕೆ ತುಂಬಿ ಅವರ ಕೈಗೆ ಕೊಡಿ, ಅದರಿಂದಲೇ ಹಾಕಲಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿದ್ದಾಗಿನಿಂದ ಕೊನೆಯವರೆಗೆ ಗಮನಿಸಿ 2002ರಲ್ಲಿ ವರದಿ ಮಾಡಿದರು. ಕಾಲು ಭಾಗ ಕಮ್ಮಿ ತಿಂದವು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಇದನ್ನು ಅಮ್ಮನಿಗೆ ಓದಿ ಹೇಳಿ.

ಒಂದು ವಿಷಯ ನನಗೆ ಬಹಳ ಮುಖ್ಯ. 1899ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫನಿಟ್ಜ್ ಈ ತಳಿಯನ್ನು ನೋಂದಾಯಿಸಿದಾಗ ಅವರ ಮುಂದಿದ್ದದ್ದು ಕುರಿಮಂದೆಯ ನಾಯಿ. ಬೇಲಿಯಿಲ್ಲದ ಹೊಲದ ಅಂಚಿನಲ್ಲಿ ದಿನವಿಡೀ ಓಡಾಡಿ, ಕುರಿಗಳು ಬೆಳೆಗೆ ಬಾಯಿ ಹಾಕದಂತೆ ತಡೆಯುತ್ತಿದ್ದ ನಾಯಿ. ಅದರ ಮೊಮ್ಮಕ್ಕಳ ಮೊಮ್ಮಗಳು ಗೇಟಿನೊಳಗೆ ಸುಮ್ನೆ ಬಿದ್ದುಕೊಂಡಿದ್ದಾಳೆ. ಅವಳು ಬಂದು ಮೂಗಿನಿಂದ ತಿವಿದಾಗ ಎಷ್ಟೋ ಸಲ ಕೇಳುತ್ತಿರುವುದು ಕೆಲಸ, ನಾವು ಕೊಡುತ್ತಿರುವುದು ಬಿಸ್ಕತ್. ಹಾಗಾಗಿ ಊಟವನ್ನು ತಟ್ಟೆಗೆ ಸುರಿಯಬೇಡಿ. ಅಂಗಳದಲ್ಲಿ ಚೆಲ್ಲಿ, ಹಳೆ ಟವೆಲ್‌ನಲ್ಲಿ ಸುತ್ತಿಡಿ, ಹುಡುಕಿ ತಿನ್ನಲಿ. ಹತ್ತು ನಿಮಿಷ ಮೂಗಿಗೆ ಕೆಲಸ ಸಿಕ್ಕರೆ ಎಷ್ಟು ಸಮಾಧಾನ ಆಗುತ್ತಾಳೆ ನೋಡಿ. ಸದ್ಯಕ್ಕೆ ಓಡಿಸಬೇಡಿ, ಈ ಜಾತಿಗೆ ಸೊಂಟದ ಕೀಲಿನ ತೊಂದರೆ ಹೆಚ್ಚು. ಬಿಸಿಲೇರುವ ಮುಂಚೆ ಮತ್ತು ಸಂಜೆ ಕಾಲು ಗಂಟೆ ನಡೆಸಿ, ಆಮೇಲೆ ಜಾಸ್ತಿ ಮಾಡಿ. ಊಟ ಆದ ಕೂಡಲೇ ಕುಣಿಸಬೇಡಿ, ಆಳ ಎದೆಯ ನಾಯಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇದೆ.

ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಒಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ತುರಿಕೆಗೆ ಅಂತ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ, ಅದರಿಂದಲೂ ಹಸಿವು ಏರುತ್ತದೆ. ಎರಡು ವಾರಕ್ಕೊಮ್ಮೆ ತೂಕ ನೋಡಿ. ವಾರಕ್ಕೆ 400ರಿಂದ 800 ಗ್ರಾಂ ಇಳಿದರೆ ಸರಿ. ಇಳಿಯದಿದ್ದರೆ ಊಟ ಇನ್ನಷ್ಟು ಕಡಿಯುವ ಮುಂಚೆ ಡಾಕ್ಟರನ್ನು ಕೇಳಿ. ಐದಾರು ತಿಂಗಳ ಕೆಲಸ ಇದು.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ನಮ್ಮ ಶೆಫರ್ಡ್‌ನದೂ ಇದೇ ಕಥೆ. ಮಾಂಸ ಇಲ್ಲದೆ ಸಣ್ಣ ಮಾಡಬಹುದಾ?
– ಓದುಗರು, ಶಿರಸಿ

ಉತ್ತರ: ಮಾಡಬಹುದು. ನಾಯಿಗೆ ಹಿಟ್ಟು, ಕಾಳು ಜೀರ್ಣಿಸುವ ಶಕ್ತಿ ಇದೆ. ಆದರೆ ಅನ್ನ-ಮೊಸರಿನಲ್ಲೇ ಸಣ್ಣ ಮಾಡಲು ಹೋದರೆ ಪ್ರೋಟೀನ್ ಸಾಲದೆ ಸೊರಗುತ್ತದೆ. ‘ಸಂಪೂರ್ಣ ಆಹಾರ’ ಅಂತ ಬರೆದಿರುವ ಸಸ್ಯಾಹಾರಿ ಫುಡ್ ಸಿಗುತ್ತದೆ, ಅದನ್ನು ಮೇಲೆ ಹೇಳಿದ ಲೆಕ್ಕದಲ್ಲೇ ತೂಗಿ ಹಾಕಿ. ಮನೆಯದೇ ಬೇಕಿದ್ದರೆ ಹೆಸರುಬೇಳೆ, ಪನೀರ್, ಆಗುವುದಾದರೆ ಮೊಟ್ಟೆ ಇಟ್ಟುಕೊಂಡು ಡಾಕ್ಟರಿಂದ ಪಟ್ಟಿ ಬರೆಸಿಕೊಳ್ಳಿ. ತೂಕ ಸರಿಯಾಯಿತಾ ಅಂತ ನೋಡಲು ಪಕ್ಕೆಯ ಮೇಲೆ ಬೆರಳಾಡಿಸಿ. ಅಂಗೈ ಮುಟ್ಟಿದಂತೆ ಮೆತ್ತಗಿದ್ದರೆ ಇನ್ನೂ ದಪ್ಪ, ಅಂಗೈ ಹಿಂಭಾಗ ಸವರಿದಾಗ ಸಿಗುವಂತೆ ಎಲುಬು ಕೈಗೆ ಸಿಕ್ಕರೆ ಸರಿಯಾಗಿದೆ.