ಮರದ ಅರಗಳ ಬಣ್ಣ ಏಕೆ ಏಳುತ್ತದೆ?

ಪ್ರಶ್ನೆ: ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಗಾಲಿಯ ಮರದ ಅರಗಳಿಗೆ (ಗಾಲಿಯ ಕಡ್ಡಿಗಳಿಗೆ) ಡ್ಯೂಕೊ, ಅಂದರೆ ಕಾರಿಗೆ ಸ್ಪ್ರೇ ಮಾಡುವ ಬಣ್ಣ, ಹೊಡೆಸಿದ್ದೆವು. ಒಂದೇ ಮಳೆಗಾಲಕ್ಕೆ ಸಿಪ್ಪೆಯಂತೆ ಎದ್ದಿದೆ. ಏನು ಮಾಡಬೇಕು?
(ಓದುಗರು, ಬೆಳಗಾವಿ)

ಉತ್ತರ: ಡ್ಯೂಕೊ ಗಡುಸು, ಮರ ಹಿಗ್ಗಿ ಕುಗ್ಗಿದಾಗ ಬಿರಿಯುತ್ತದೆ. ಆ ಬಿರುಕಿನಲ್ಲಿ ನೀರು ಇಳಿದು ಬಣ್ಣವನ್ನು ಎಬ್ಬಿಸುತ್ತದೆ. ಮೊದಲು ಅರಗಳನ್ನು ಅಲುಗಾಡಿಸಿ ನೋಡಿ. ಸಡಿಲವಿದ್ದರೆ ಬಣ್ಣದ ಮಾತೇ ಬೇಡ, ಗಾಲಿ ಕಟ್ಟುವವರಿಗೆ ಕೊಡಿ. ನೀರಲ್ಲಿ ನೆನೆಸಿ ಬಿಗಿ ಮಾಡುವುದು ಅಪಾಯ: ಒಣಗಿದ ಮೇಲೆ ಮತ್ತಷ್ಟು ಸಡಿಲವಾಗುತ್ತದೆ.

ಹಳೆಯ ಬಣ್ಣ ಕೆರೆದು, ಮರದ ಎಳೆಯ ಗುಂಟ 80, 120, 220 ನಂಬರಿನ ಉಜ್ಜು ಕಾಗದ ಹಾಕಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು; ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಬಿಡಬೇಡಿ. ವಾರಗಟ್ಟಲೆ ನೆರಳಲ್ಲಿ ಒಣಗಲಿ. ಆಮೇಲೆ ಟರ್ಪೆಂಟೈನ್ ಬೆರೆಸಿ ತೆಳು ಮಾಡಿದ ಆಯಿಲ್ ವುಡ್ ಪ್ರೈಮರ್ (ಮರದ ತಳಬಣ್ಣ) ಹಚ್ಚಿ, ಅರದ ತುದಿಗಳಿಗೆ ಎರಡು ಸಲ. ಮೇಲೆ ಸಿಂಥೆಟಿಕ್ ಎನಾಮೆಲ್ ಎರಡು ತೆಳು ಕೋಟು, ನಡುವೆ 24 ತಾಸು. ಈ ಕೆಲಸ ಬೇಸಿಗೆಯಲ್ಲೇ ಮುಗಿಸಿ.