ಪ್ರತಿಕ್ರಿಯೆ: ಎಂಟನೇ ಕ್ಲಾಸಿನ ಮಗಳಿಗೆ ಒಬ್ಬಳಿಗೇ ಗಣಿತ ಟ್ಯೂಷನ್

ಬೇಲೂರಿನಲ್ಲಿ ಗುಂಪು ಟ್ಯೂಷನ್‌ಗೆ ಹೋಗ್ತಿದ್ರೂ ಮಗಳು ಸಮೀಕರಣದಲ್ಲಿ ತಪ್ಪುತ್ತಾಳೆ, ಹಾಸನದಿಂದ ಯಾರನ್ನಾದ್ರೂ ಮನೆಗೇ ಕರೆಸಬೇಕಾ ಅಂತ ಕೇಳಿದ್ದೀರಿ. ಕರೆಸಿ. ಆದ್ರೆ ಮೊದಲ ದಿನವೇ ಎಂಟನೇ ಕ್ಲಾಸಿನ ಪಾಠ ಶುರು ಮಾಡಿಸಬೇಡಿ. ಇಂಥ ತಪ್ಪಿನ ಬೇರು ಎಷ್ಟೋ ಸಲ ಕೆಳಗಿನ ಕ್ಲಾಸಿನ ಭಿನ್ನರಾಶಿಯಲ್ಲೋ ಋಣ ಸಂಖ್ಯೆಯಲ್ಲೋ ಇರುತ್ತೆ.

1/2 + 1/3 ಕೊಡಿಸಿ ನೋಡಿ. 2/5 ಅಂತ ಬರೆದ್ರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾಳೆ. 'ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ?' ಅಂತ ಕೇಳಿ ಮೇಷ್ಟ್ರು ಸುಮ್ಮನಿರಬೇಕು. ಮೂವತ್ತು ಮಕ್ಕಳ ಗುಂಪಲ್ಲಿ ಹೀಗೆ ಕಾಯೋಕೆ ಪುರಸೊತ್ತು ಎಲ್ಲಿ? ಒಬ್ಬಳಿಗೇ ಕಲಿಸೋದರ ಲಾಭ ಇದೇ.

ಇನ್ನು 3x + 5 = 20. 'ಆ ಕಡೆ ಹೋದ್ರೆ ಚಿಹ್ನೆ ಬದಲು' ಅಂತ ಬಾಯಿಪಾಠ ಮಾಡಿದ ಮಕ್ಕಳು 3x = 15 ಆದಮೇಲೆ 3ನ್ನೂ ಕಳೆದು x = 12 ಅಂತಾರೆ. ಎರಡೂ ಕಡೆ 5 ಕಳಿ, ಆಮೇಲೆ ಎರಡೂ ಕಡೆ 3ರಿಂದ ಭಾಗಿಸು ಅಂತ ಪ್ರತಿ ಸಾಲೂ ಬರೆಸಬೇಕು. ಕೊನೆಗೆ x = 5 ಹಾಕಿ ತಾಳೆ ನೋಡಿಸಬೇಕು: 15 + 5 = 20. ಉತ್ತರ ಸರಿಯೋ ಅಂತ ಮೇಷ್ಟ್ರ ಮುಖ ನೋಡೋದು ನಿಂತಾಗ ಧೈರ್ಯ ತಾನಾಗೇ ಬರುತ್ತೆ.

ವಾರಕ್ಕೆ ಎರಡು ಮೂರು ದಿನ, ಮುಕ್ಕಾಲು ಗಂಟೆ ಸಾಕು. ಪೆನ್ಸಿಲ್ ಮಾತ್ರ ಮಗಳ ಕೈಯಲ್ಲಿರಲಿ. ಮೇಷ್ಟ್ರೇ ಎಲ್ಲ ಬಿಡಿಸ್ತಾ ಹೋದ್ರೆ ಫೀಸು ದಂಡ.