ಲಿಕ್ವಿಡ್ ಕೂಲರ್ ಬೇಕೇ? ಮೊದಲು ವ್ಯಾಟ್ ನೋಡಿ

ಪ್ರಶ್ನೆ: ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ರೈಜೆನ್ 7 7700 ಪ್ರೊಸೆಸರ್ ಹಾಕಿ ಹೊಸ ಕಂಪ್ಯೂಟರ್ ಜೋಡಿಸಬೇಕೆಂದಿದ್ದೇನೆ. ಇಲ್ಲಿ ಬೇಸಿಗೆ 42 ಡಿಗ್ರಿ ಮುಟ್ಟುತ್ತದೆ, ರೂಮಿನಲ್ಲಿ ಎಸಿ ಇಲ್ಲ. 360 ಎಂಎಂ ಲಿಕ್ವಿಡ್ ಕೂಲರ್ ಬೇಕೇಬೇಕು ಅಂತಾರೆ ಅಂಗಡಿಯವರು. ಹೌದಾ ಸರ್?
– ಓದುಗರೊಬ್ಬರು, ಕಲಬುರಗಿ

ಉತ್ತರ: ಖಂಡಿತ ಬೇಡ. 7700ರ ಟಿಡಿಪಿ, ಅಂದರೆ ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು ಅಳತೆ, 65 ವ್ಯಾಟ್. ಪೂರ್ತಿ ದುಡಿಯುವಾಗಲೂ 88 ವ್ಯಾಟ್ ಆಸುಪಾಸು. ಇಷ್ಟಕ್ಕೆ 360 ಎಂಎಂ ರೇಡಿಯೇಟರ್ ಅಂದರೆ ಸುಮ್ನೆ ದುಡ್ಡು ದಂಡ. 7700ರ ಡಬ್ಬದಲ್ಲೇ ಅದನ್ನು ತಯಾರಿಸುವ ಎಎಂಡಿ ಕಂಪನಿಯ ರೈತ್ ಪ್ರಿಸಂ ಎಂಬ ಫ್ಯಾನ್ ಕೂಲರ್ ಬರುತ್ತದೆ, ಅದರಲ್ಲೇ ಕೆಲಸ ಸಾಗುತ್ತದೆ. ರೆಂಡರ್ ಮಾಡುವಾಗ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವಾಗ) ಸದ್ದು ಜಾಸ್ತಿ ಅನ್ನಿಸಿದರೆ ಎರಡು ಫ್ಯಾನಿನ ಟವರ್ ಕೂಲರ್, ಅಂದರೆ ಲೋಹದ ತಗಡುಗಳ ಗೋಪುರಕ್ಕೆ ಫ್ಯಾನ್ ಕಟ್ಟಿದ ಕೂಲರ್, ಹಾಕಿಸಿ. ಥರ್ಮಲ್‌ರೈಟ್ ಪಿಯರ್‌ಲೆಸ್ ಅಸಾಸಿನ್ 120 ಎಸ್‌ಇ ನನಗೆ ಇಷ್ಟ. ಎತ್ತರ 155 ಎಂಎಂ. ನಿಮ್ಮ ಕ್ಯಾಬಿನೆಟ್‌ನಲ್ಲಿ ಹಿಡಿಸುತ್ತದೆಯೇ ಅಂತ ಮೊದಲೇ ಅಳೆದು ನೋಡಿ.

ಇನ್ನು ಬೇಸಿಗೆಯ ಮಾತು. ಲಿಕ್ವಿಡ್ ಕೂಲರ್ ಎಸಿ ಅಲ್ಲ. ಅದರಲ್ಲಿರುವ ದ್ರವ ಶಾಖವನ್ನು ರೇಡಿಯೇಟರ್‌ವರೆಗೆ ಸಾಗಿಸುತ್ತದೆ, ಅಷ್ಟೆ. ಅಲ್ಲಿಂದ ಅದನ್ನು ಹೊತ್ತೊಯ್ಯಬೇಕಾದದ್ದು ನಿಮ್ಮ ರೂಮಿನ ಅದೇ ಬಿಸಿ ಗಾಳಿ ಅಲ್ವಾ? ರೂಮು ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಯಾವ ಕೂಲರ್ ಇದ್ದರೂ. ಸುಟ್ಟುಹೋಗುವ ಭಯ ಬೇಡ. 95 ಡಿಗ್ರಿ ಹತ್ತಿರ ಬಂದರೆ 7700 ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ.

ನಿಮ್ಮಂಥವರಿಗೆ ನಾನು ಟವರ್ ಕೂಲರ್ ಹೇಳುವುದಕ್ಕೆ ದೊಡ್ಡ ಕಾರಣ ಬೇರೆಯೇ ಇದೆ. ಅದರಲ್ಲಿ ಕೆಡುವ ಭಾಗ ಫ್ಯಾನ್ ಒಂದೇ. 120 ಎಂಎಂ ಫ್ಯಾನ್ ನಿಮ್ಮೂರಲ್ಲೇ ಸಿಗುತ್ತದೆ, ಅದೇ ದಿನ ಕೆಲಸ ಮತ್ತೆ ಶುರು. ಲಿಕ್ವಿಡ್ ಕೂಲರಿನ ಪಂಪ್ ನಿಂತರೆ ಸಾಮಾನ್ಯವಾಗಿ ಇಡೀ ಕೂಲರನ್ನೇ ಬದಲಿಸಬೇಕು. ಮದುವೆ ಸೀಸನ್‌ನಲ್ಲಿ, ಆಲ್ಬಂ ಯಾವಾಗ ಅಂತ ಫೋನ್ ಬರುತ್ತಿರುವಾಗ, ಈ ತೊಂದರೆ ಯಾಕೆ?

ಹಾಗಂತ ಲಿಕ್ವಿಡ್ ಕೂಲರ್ ಯಾರಿಗೂ ಬೇಡ ಅಂತಲ್ಲ. ಇಂಟೆಲ್ ಕೋರ್ ಐ9-14900ಕೆ 253 ವ್ಯಾಟ್‌ವರೆಗೆ ಹೋಗುತ್ತದೆ. ಅದರಲ್ಲಿ ಗಂಟೆಗಟ್ಟಲೆ ರೆಂಡರ್ ಮಾಡುವವರಿಗೆ ನಾನೂ 360 ಎಂಎಂ ಅನ್ನೇ ಹೇಳುತ್ತೇನೆ.

ಉಳಿದ ದುಡ್ಡಲ್ಲಿ ಮುಂಭಾಗಕ್ಕೆ ಜಾಲರಿ ಇರುವ ಕ್ಯಾಬಿನೆಟ್ ತಗೊಳ್ಳಿ. ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಇನ್ನೂ ಮಿಕ್ಕರೆ ರ‍್ಯಾಮ್ ಹೆಚ್ಚಿಸಿ, ಎಡಿಟಿಂಗ್‌ಗೆ ಅದು ನಿಜಕ್ಕೂ ಉಪಯೋಗ. ನಿಮ್ಮ ಕಡೆ ಧೂಳು ಜಾಸ್ತಿ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಬ್ಲೋವರ್ ಹಿಡಿಯಿರಿ. ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗಬಹುದು.